ಬಿಬಿಜಾನಳ ಮಾತಿಗೆ ಅಜ್ಜಿ ಹುಡುಕಿದ ಗುತ್ತೆವ್ವ

ನನ್ನ ಅತ್ತೆ ಗುತ್ತೆವ್ವನಷ್ಟು ಹೊಟ್ಟೆಕಿಚ್ಚಿನ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಸತ್ತವಳ ಬೆನ್ನ ಹಿಂದೆ ಆಡುವ ಮಾತಲ್ಲ ಇದು, ಬದುಕಿದ್ದಾಗ ಎದುರಿಗೇ ಹೇಳಿದ್ದೇನೆ. ಆಗ ಅವಳು, “ಕಿಚ್ಚಿಲ್ಲದ ಒಲಿಮ್ಯಾಲ ಏನ ಬೇಯ್ತೇತವ್ವ ಅನ್ನವ್ವ? ನಿನ್ನ ಹೊಟ್ಟ್ಯಾಗ ಕಿಚ್ಚಿಲ್ಲ, ಅದಕ್ಕ ನೀ ಮಾಡಿದ ಸಾರಿನ್ಯಾಗ ರುಚಿನೂ ಇಲ್ಲ” ಎಂದಿದ್ದಳು. ನಲವತ್ತೆಂಟರಲ್ಲಿ, ಸವಣೂರು ನವಾಬರ ಕೈಬಿಟ್ಟು ದೇಶದಲ್ಲಿ ಸೇರಿದ ವರ್ಷ, ತೀರಿಕೊಂಡಳು. ಸಾಯುವ ಹಿಂದಿನ ದಿನವೂ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮುದುಕಿಗೆ ಗಂಜಿ ಮೊದಲು ಕೊಟ್ಟೆನೆಂದು ನನ್ನ ಮೇಲೆ ಮುಖ ಊದಿಸಿಕೊಂಡಿದ್ದಳು.

ಹುಟ್ಟಿದ್ದು ಹಿರೇಕೆರೂರಿನ ಕಡೆಯ ಹಳ್ಳಿಯೊಂದರಲ್ಲಿ. ಅಕ್ಕನ ಕಿವಿಗೆ ಬುಗುಡಿ ಮೊದಲು ಬಂತೆಂದು ತನ್ನ ಕಿವಿಯನ್ನು ತಾನೇ ದಬ್ಬಣದಿಂದ ಚುಚ್ಚಿಕೊಂಡು ಕೀವು ತುಂಬಿಸಿಕೊಂಡವಳು. ಮದುವೆಯಾಗಿ ಶಿಗ್ಗಾಂವಿ ತಾಲೂಕಿನ ದುಂಡಸಿಗೆ ಬಂದ ಮೇಲೆ ಗಂಡ ಫಕ್ಕೀರಪ್ಪ ಒಮ್ಮೆ ಬಾಯಿ ತಪ್ಪಿ ಪಕ್ಕದ ಮನೆಯ ರೊಟ್ಟಿ ಮೆತ್ತಗಿರುತ್ತದೆ ಎಂದುಬಿಟ್ಟನಂತೆ. ಜೋಳ ಹೊಲದಲ್ಲಿ ನಿಂತಿರುವಷ್ಟು ಕಾಲವೂ ಅವನಿಗೆ ನುಚ್ಚೇ ಗತಿಯಾಯಿತು. ಅವನು ಪ್ಲೇಗಿನಲ್ಲಿ ಸತ್ತ. ಒಬ್ಬನೇ ಮಗ ನೀಲಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಗುತ್ತೆವ್ವ ತನ್ನ ಅತ್ತೆ ಮಾಡುತ್ತಿದ್ದ ಸೂಲಗಿತ್ತಿಯ ಕೆಲಸಕ್ಕೆ ನಿಂತಳು. ಆ ಕೆಲಸದಲ್ಲೂ ಅಷ್ಟೇ. ಗೌಡರ ಎಮ್ಮೆ ತನ್ನನ್ನು ಕರೆಯದೆ ಕರು ಹಾಕಿತೆಂದು ಬಹಳ ದಿನ ಅದರ ಕಡೆ ನೋಡದೆ ಓಡಾಡಿದಳು.

ಆದರೆ ಅವಳ ಹೊಟ್ಟೆಕಿಚ್ಚಿಗೆ ಒಂದು ಕಾರಣವಿತ್ತು, ಅದನ್ನೂ ಹೇಳಬೇಕು. ಗೌಡರ ಮನೆಯ ಕಟ್ಟೆಯನ್ನು ನಮ್ಮ ಕೇರಿಯವರು ಹತ್ತುವಂತಿರಲಿಲ್ಲ. ಹೆರಿಗೆಯ ಹೊತ್ತಿಗೆ ಮಾತ್ರ ಗುತ್ತೆವ್ವ ಪಡಸಾಲೆ ದಾಟಿ ಒಳಕೋಣೆವರೆಗೆ ಹೋಗುತ್ತಿದ್ದಳು. ಬಾಣಂತನ ಮುಗಿದ ಮೇಲೆ ಅವಳಿಗೂ ಕಟ್ಟೆಯ ಕೆಳಗೇ ಜಾಗ. ನಡುವೆ ಕೂಸು ರಚ್ಚೆ ಹಿಡಿದು ಅತ್ತರೆ ಮತ್ತೆ ಕರೆ ಬರುತ್ತಿತ್ತು. ಲೋಬಾನದ ಹೊಗೆ ಹಾಕಿ, ಕಾಳು ಕೇರುವ ಮರವನ್ನು ಬಡಿದು, ದೃಷ್ಟಿ ತೆಗೆದು, ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟಿ ಸುಮ್ಮನಾಗಿಸುತ್ತಿದ್ದಳು. ಅಳುವ ಕೂಸು ಮೊದಲು ತನ್ನ ಮಡಿಲಿಗೇ ಬರಬೇಕು, ಊರವರ ಬಾಯಲ್ಲಿ “ಗುತ್ತೆವ್ವನ್ನ ಕರೀರಿ” ಎಂಬ ಮಾತೇ ಮೊದಲು ಬರಬೇಕು, ಇದೊಂದೇ ಅವಳಿಗಿದ್ದ ಆಸ್ತಿ. ಹೊಲ ಇದ್ದವರು ಬದುವಿಗಾಗಿ ಬಡಿದಾಡುವುದಿಲ್ಲವೇ? ಇವಳದು ಇದು.

ಆ ಆಸ್ತಿಗೆ ಕೈಹಾಕಿದವಳು ಸವಣೂರಿನ ಬಿಬಿಜಾನ. ಮಕ್ಕಳಿಲ್ಲದ ವಿಧವೆ. ಅಣ್ಣ ಮಹಮ್ಮದಗೌಸ ಎಲೆಬಳ್ಳಿಯ ತೋಟದಲ್ಲಿ ದುಡಿದು ವೀಳ್ಯದೆಲೆ ಮಾರುತ್ತಿದ್ದ. ಹಾನಗಲ್ಲಿನ ಹೊರಗೆ ಒಂದು ಬಂಗಲೆಯಲ್ಲಿ ಜರ್ಮನಿಯ ಪಾದ್ರಿಯೊಬ್ಬ ಹೆಂಡತಿಯೊಡನೆ ಇದ್ದ. ಮೂವತ್ತೇಳರಲ್ಲೋ ಮೂವತ್ತೆಂಟರಲ್ಲೋ ಅವರಿಗೆ ಹೆಲ್ಗಾ ಎಂಬ ಹೆಣ್ಣುಮಗು ಹುಟ್ಟಿತು. ಅದನ್ನು ನೋಡಿಕೊಳ್ಳುವ ಆಯಾ ಆಗಿ ಹೋದವಳು ಬಿಬಿಜಾನ. ಅಷ್ಟರಲ್ಲಿ ಲಡಾಯಿ ಬಂತು. ಸರಕಾರ ಜರ್ಮನ್ನರನ್ನು ಹುಡುಕಿ ಹುಡುಕಿ ಹಿಡಿದು ದೂರದ ಸೆರೆಶಿಬಿರಕ್ಕೆ ಸಾಗಿಸತೊಡಗಿತು. ಒಂದು ದಿನ ಪೊಲೀಸರು ಬಂದು ಪಾದ್ರಿಯನ್ನೂ ಅವನ ಹೆಂಡತಿಯನ್ನೂ ಮಗುವನ್ನೂ ಮೋಟಾರಿನಲ್ಲಿ ಕೂರಿಸಿಕೊಂಡು ಹೋದರು. ಬಿಬಿಜಾನ ತನ್ನ ಬಟ್ಟೆಯ ಗಂಟು ಹಿಡಿದು ಹಾನಗಲ್ಲಿನಿಂದ ಸವಣೂರಿಗೆ ಬಂದಳು. ಆ ಮನೆಯಿಂದ ಅವಳ ಜೊತೆ ಬಂದದ್ದು ಒಂದು ಮಾತು. ಪಾದ್ರಿಯ ಹೆಂಡತಿ ಮಗುವನ್ನು ರಮಿಸುವಾಗ ಹೇಳುತ್ತಿದ್ದ ಮಾತು, ಶ್ಟಿಲ್ಲ.

ನಾನು ನೀಲಪ್ಪನ ಕೈಹಿಡಿದು ದುಂಡಸಿಗೆ ಬಂದ ವರ್ಷವೇ ಇವರಿಬ್ಬರೂ ಎದುರಾದರು. ಗೌಡರ ಹೆಂಡತಿ ಮಹಾದೇವಕ್ಕನ ಮಗಳು ನಾಗವ್ವನನ್ನು ಹತ್ತಿಮತ್ತೂರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಗುತ್ತೆವ್ವನ ಕೈಯಲ್ಲೇ ಸುಸೂತ್ರವಾಯಿತು. ಆದರೆ ಕೂಸು ಅಳುಬುರುಕ. ಹತ್ತಿಮತ್ತೂರಿನ ಬೀಗರು ನೋಡಲು ಬಂದವರು, ಸವಣೂರಿನಲ್ಲಿ ಕೂಸುಗಳನ್ನು ಒಂದೇ ಮಾತಿಗೆ ಸುಮ್ಮನಾಗಿಸುವವಳೊಬ್ಬಳಿದ್ದಾಳೆ ಎಂದು ತಾವೇ ಚಕ್ಕಡಿ ಕಳಿಸಿ ಬಿಬಿಜಾನಳನ್ನು ಕರೆಸಿಬಿಟ್ಟರು.

ನಾನು ಹಿತ್ತಲಲ್ಲಿ ಬಾಣಂತಿಯ ಬಟ್ಟೆ ಒಗೆಯಲು ಹೋಗಿದ್ದೆ, ಬಾಗಿಲಿನಿಂದ ಕಂಡೆ. ಗುತ್ತೆವ್ವ ಮರ ಬಡಿಯುತ್ತಿದ್ದಳು, ಕೂಸು ಮರಕ್ಕಿಂತ ಜೋರಾಗಿ ಕಿರುಚುತ್ತಿತ್ತು. ತೆಳ್ಳಗಿನ ಹೆಂಗಸೊಬ್ಬಳು ಒಳಗೆ ಬಂದು ಕೂತಳು. ಕೂಸನ್ನು ಎತ್ತಿಕೊಂಡು, ಅದರ ಕಿವಿಗೆ ಬಾಯಿ ಹಚ್ಚಿ, ಉಸಿರು ಬಿಟ್ಟಂತೆ, “ಶ್ಟಿಲ್ಲ... ಶ್ಟಿಲ್ಲ...” ಎಂದಳು. ಕೂಸು ಬಿಕ್ಕಿತು, ಕಣ್ಣು ಬಿಟ್ಟಿತು, ಸುಮ್ಮನಾಯಿತು. ಮಹಾದೇವಕ್ಕ ಹಣೆಗೆ ಕೈ ಮುಟ್ಟಿಸಿಕೊಂಡಳು.

“ಗುತ್ತೆವ್ವ, ಇನ್ನ ನೀ ಮನಿಗೆ ಹೋಗು” ಎಂದಳು. “ಬಾಣಂತಿಗೆ ನೀರ ಹಾಕಾಕಷ್ಟ ಬಾ. ಕೂಸಿನ್ನ ಬಿಬಿಜಾನ ನೋಡ್ಕೋತಾಳ.”

ಗುತ್ತೆವ್ವ ಮರವನ್ನು ಗೋಡೆಗೆ ಒರಗಿಸಿ ಹೊರಗೆ ಬಂದಳು. ಮನೆಗೆ ಬಂದವಳೇ ನನ್ನ ಮೇಲೆ ಹರಿಹಾಯ್ದಳು, ನಾನೇ ಹೋಗಿ ಬಿಬಿಜಾನಳನ್ನು ಕರೆತಂದವಳಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಎಮ್ಮೆ ನಾನೇ.

“ಹಿತ್ತಲ ಗಿಡ ಮದ್ದಲ್ಲ ನೋಡು” ಎಂದಳು. “ಈ ಮಹಾದೇವಕ್ಕನ ಗಂಡನ್ನ ಹುಟ್ಟಿಸಿದಾಕಿ ನನ್ನ ಅತ್ತಿ. ಈಕಿ ಮಗಳನ್ನ ಹುಟ್ಟಿಸಿದಾಕಿ ನಾ. ಮಗಳ ಮಗನ್ನೂ ನಾನ ಈ ಕೈಯಾಗ ಹಿಡದೇನಿ. ಈಗ ಆ ಎಲಿ ಮಾರೋನ ತಂಗಿ ಬಂದು ಉಸ್ ಅಂದ್ಲು, ನಾ ನೀರ ಹಾಕಾಕಷ್ಟ ಆದೆ.”

“ಆಕಿ ಏನ್ ಅಂದ್ಲು ಅದನ್ನ ನೀವೂ ಅನ್ರಿ ಅತ್ತಿ. ಕೇಳಸ್ಕೊಂಡೀರಲ್ಲ” ಎಂದೆ ನಾನು.

ಅವಳು ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದಳು. ಮಂತ್ರವನ್ನು ಕದ್ದು ಹೇಳಿದರೆ ಫಲಿಸುವುದಿಲ್ಲ, ಹೇಳಿದವರಿಗೇ ತಿರುಗುತ್ತದೆ ಎಂದಳು. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಚೇಳಿನ ಮಂತ್ರವಿರಲಿ, ದೃಷ್ಟಿಯ ಮಂತ್ರವಿರಲಿ, ಬಲ್ಲವರ ಕಾಲಿಗೆ ಬಿದ್ದು, ಗ್ರಹಣದಲ್ಲಿ ನೀರೊಳಗೆ ನಿಂತು, ಕಾಯಿ ಕೊಟ್ಟು ಕೇಳಿ ಪಡೆಯಬೇಕು. ಕೊಟ್ಟವರು ಗುರು. ಗುರುವಿನ ಹೆಸರು ನೆನೆದೇ ಮಂತ್ರ ಹಾಕಬೇಕು. ಹಾಗೆ ಮಾಡಿದರೆ ಜೀವವಿರುವ ತನಕ ಬಿಬಿಜಾನಳ ಹೆಸರು ಹೇಳಿಯೇ ಕೂಸುಗಳನ್ನು ರಮಿಸಬೇಕು. ಅದಕ್ಕಿಂತ ಅವಳಿಗೆ ಸಾವೇ ವಾಸಿ.

ಕೆಲವು ದಿನ ಊಟದಲ್ಲೂ ಮನಸ್ಸಿರಲಿಲ್ಲ. ಆಮೇಲೆ ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ತಾನೇ ನಕ್ಕಳು. ಬಿಬಿಜಾನಗೂ ಒಬ್ಬ ಗುರು ಇರಬೇಕಲ್ಲ, ಆ ಗುರುವಿಗೂ ಗುರು ಇರಬೇಕಲ್ಲ ಎಂದಳು. ಮಂತ್ರವನ್ನು ಮೇಲಿನವರ ಹತ್ತಿರವೇ ಪಡೆದರೆ ತಾನು ಬಿಬಿಜಾನಳಿಗೆ ಶಿಷ್ಯೆಯಾಗುವುದಿಲ್ಲ, ಹಿರಿಯಳಾಗುತ್ತೇನೆ. ಇಂಥ ಬುದ್ಧಿ ಹೊಟ್ಟೆಕಿಚ್ಚಿನವರಿಗಲ್ಲದೆ ಬೇರೆಯವರಿಗೆ ಹೊಳೆಯುವುದಿಲ್ಲ. ಅವತ್ತೇ ಕಾಯೊಂದನ್ನು ಸೆರಗಿಗೆ ಕಟ್ಟಿಕೊಂಡು, ಸಂತೆಗೆ ಹೋಗುವ ಚಕ್ಕಡಿ ಹತ್ತಿ, ನನ್ನನ್ನೂ ಎಳೆದುಕೊಂಡು ಹಾನಗಲ್ಲಿಗೆ ಹೊರಟಳು.

ಹಾನಗಲ್ಲಿನಲ್ಲಿ ಕುಬೇರಪ್ಪ ಮಾಸ್ತರು ಇದ್ದರು. ಪಾದ್ರಿಗೆ ಕನ್ನಡ ಕಲಿಸಿದವರು ಅವರು. ಪಾದ್ರಿಗೆ ಮಾತುಗಳ ಹುಟ್ಟು ಹುಡುಕುವ ಹುಚ್ಚು. ಕನ್ನಡ ಕಲಿಯುತ್ತ ಕಲಿಯುತ್ತ ತನ್ನ ಕಡೆಯ ಮಾತುಗಳ ಬಳಗವನ್ನೆಲ್ಲ ಮಾಸ್ತರಿಗೆ ಹೇಳಿದ್ದ. ಪಾದ್ರಿ ಹೋದ ಮೇಲೆ ಮಾಸ್ತರಿಗೆ ಆ ವಿದ್ಯೆ ಹೊಟ್ಟೆಯಲ್ಲೇ ಉಳಿದಿತ್ತು. ಹಾನಗಲ್ಲಿನಲ್ಲಿ ಅದನ್ನು ಕೇಳುವವರು ಯಾರು?

ನಾವು ಕಟ್ಟೆಯ ಕೆಳಗೆ ಅಂಗಳದಲ್ಲಿ ಕೂತೆವು. ಗುತ್ತೆವ್ವ ವಿಷಯ ಹೇಳಿದಳು. ಮಾಸ್ತರು ನಕ್ಕರು.

“ಅದು ಮಂತ್ರ ಅಲ್ಲಬೇ ಗುತ್ತೆವ್ವ. ಸುಮ್ನಿರು ಅಂತ ಹೇಳೋ ಮಾತು. ನಾವು ಗಪ್ ಅಂತೀವಲ್ಲ, ಹಂಗ.”

“ಎಲ್ಲಾ ಮಂತ್ರನೂ ಮೊದಲ ಮಾತ ಇರ್ತಾವ್ರಿ ಮಾಸ್ತರ್ರ. ನನಗ ಅದರ ಗುರು ಯಾರು, ಗುರುವಿನ ಗುರು ಯಾರು, ಅಷ್ಟ ಹೇಳ್ರಿ.”

ಮಾಸ್ತರ ಮುಖ ಅರಳಿತು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಅವರಿಗೆ ಯಾರೂ ಕೇಳಿರಲಿಲ್ಲ. ಕಟ್ಟೆ ಇಳಿದು ಬಂದು, ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನಲ್ಲಿ ವಂಶಾವಳಿಯಂತೆ ಗೆರೆ ಎಳೆಯತೊಡಗಿದರು.

“ಇದು ಜರ್ಮನ್ನರ ಮನಿ. ಅವರು ಶ್ಟಿಲ್ ಅಂತಾರ, ಕೂಸಿಗೆ ಹೇಳಬೇಕಾದ್ರ ಶ್ಟಿಲ್ಲ. ಇದು ಇಂಗ್ಲಿಷರ ಮನಿ, ಇವರು ಸ್ಟಿಲ್. ಸಮುದ್ರದ ದಂಡಿಮ್ಯಾಲ ಡಚ್ಚರ ಅದಾರ, ಅವರೂ ಸ್ಟಿಲ್. ಇತ್ತಾಗ ಹಿಮಾ ಬೀಳೋ ನಾಡು, ಸ್ವೀಡನ್, ಅಲ್ಲಿ ಸ್ಟಿಲ್ಲಾ. ಡೆನ್ಮಾರ್ಕಿನ್ಯಾಗ ಸ್ಟಿಲ್ಲ. ಎಲ್ಲಾ ಒಂದ ತಾಯಿ ಮಕ್ಕಳು.”

“ಇಂಗ್ಲಿಷರು ಜರ್ಮನ್ನರು ಈಗ ಹೊಡದಾಡಾಕತ್ತಾರಂತಲ್ರಿ?”

“ಹೂಂ.”

“ಅಕ್ಕತಂಗೇರು ಅಂದ ಮ್ಯಾಲ ಹೊಡದಾಡಬೇಕಲ್ರಿ. ನನಗೂ ಒಬ್ಬಾಕಿ ಅಕ್ಕ ಇದ್ಲು” ಎಂದಳು ಗುತ್ತೆವ್ವ. “ಈ ತಾಯಿ ಹೆಸರೇನು? ಎಲ್ಲಾರಿಗಿಂತ ಹಿರೇ ಮಾತು ಯಾವುದು?”

“ಆಗಿನ ಮಂದಿ ಬರದಿಟ್ಟಿಲ್ಲ. ಮೊಮ್ಮಕ್ಕಳ ಮುಖ ನೋಡಿ, ಸತ್ತ ಅಜ್ಜಿ ಮೂಗು ಹಿಂಗ ಇತ್ತು ಅಂತ ಹೇಳ್ತೀವಲ್ಲ, ಹಂಗ ಪಂಡಿತರು ಅಂದಾಜು ಹಾಕ್ಯಾರ. ಸ್ಟಿಲ್ಲಿಯಜ ಅಂತ ಇದ್ದೀತು ಅಂತಾರ. ಕಿವೀಲೆ ಕೇಳಿದವರು ಯಾರೂ ಇಲ್ಲ.”

“ಅರ್ಥ?”

“ನಿಂತದ್ದು. ಇದ್ದ ಜಾಗಾ ಬಿಟ್ಟು ಕದಲದ್ದು. ಮೊದಲ ನಿಲ್ಲೋದಿತ್ತು, ಆಮ್ಯಾಲ ಸಪ್ಪಳಿಲ್ಲದ್ದಾತು. ದನದ ಕೊಟ್ಟಿಗಿಗೆ ಇಂಗ್ಲಿಷರು ಸ್ಟಾಲ್ ಅಂತಾರ, ಜರ್ಮನ್ನರು ಶ್ಟಾಲ್, ಅದೂ ಇದ ಬಳಗ, ದನ ನಿಲ್ಲೋ ಜಾಗಾ ಅಂತ. ಇಂಗ್ಲಿಷರು ಸ್ಟಿಲ್ ಅನ್ನೋದನ್ನ ಎಳದೆಳದು ಇನ್ನೂ ಅನ್ನೋ ಅರ್ಥಕ್ಕ ತಂದಾರ, ನಿಂತದ್ದು ನಿಂತ ಐತಿ ಅನ್ನೂಹಂಗ. ಜರ್ಮನ್ನರು ತಾಯಿ ಕೂಸಿಗೆ ಹಾಲ ಕುಡಸೋದಕ್ಕೂ ಇದರಾಗಿನ ಒಂದು ಮಾತ ಮಾಡ್ಕೊಂಡಾರ.”

ಮಾಸ್ತರು ಇನ್ನೂ ಹೇಳುವವರಿದ್ದರು. ಗುತ್ತೆವ್ವನಿಗೆ ಬೇಕಾದದ್ದು ಸಿಕ್ಕಿತ್ತು. ಮೂಡಣಕ್ಕೆ ಮುಖ ಮಾಡಿ ಕೂತು, ಆ ಹಿರಿಯ ಮಾತನ್ನು ಮೂರು ಸಲ ಹೇಳಿಸಿಕೊಂಡು, ಕಾಯಿಯನ್ನು ನೆಲದ ಮೇಲೆ ಇಟ್ಟು ಉದ್ದಕ್ಕೆ ಅಡ್ಡಬಿದ್ದಳು. ಮಾಸ್ತರಿಗೆ ನಾಚಿಕೆಯಾಗಿ, “ಏಳಬೇ, ಏಳು” ಎನ್ನುತ್ತ ಹಿಂದೆ ಸರಿದರು. ಚಕ್ಕಡಿಯಲ್ಲಿ ಬರುವಾಗ ಅವಳು ನನ್ನ ಕಿವಿಯಲ್ಲಿ, “ಬಿಬಿಜಾನ ಹೇಳೋದು ಮೊಮ್ಮಗಳು. ನನ್ನ ಹತ್ರ ಇರಾಕಿ ಅಜ್ಜಿ” ಎಂದಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ.

ಮಂತ್ರ ಪಡೆದ ಮೇಲೆ ಪಥ್ಯ ಬೇಕು, ಬದನೆಕಾಯಿ ಬಿಟ್ಟಳು. ಮಂತ್ರಕ್ಕೆ ಮೈಯಲ್ಲಿ ಒಂದು ನೆಲೆ ಬೇಕು, ಅದನ್ನೂ ಕಂಡುಕೊಂಡಳು. ಮಾಸ್ತರು ನಿಲ್ಲುವುದು ಎಂದಿದ್ದರಲ್ಲ, ನಿಲ್ಲುವುದು ಕಾಲಿನ ಕೆಲಸ, ಆದ್ದರಿಂದ ಈ ಮಂತ್ರವನ್ನು ಕಾಲಿಗೇ ಕಟ್ಟಬೇಕು. ಅಳುವ ಕೂಸಿನ ಎರಡೂ ಪಾದಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಜರ್ಮನ್ನರು, ಇಂಗ್ಲಿಷರು, ಡಚ್ಚರು ಎಂದು ಗುರುಗಳನ್ನೆಲ್ಲ ಸಾಲಾಗಿ ನೆನೆದು, ಕೊನೆಗೆ “ಸ್ಟಿಲ್ಲಿಯಜ್ಜ” ಎಂದು ಊದಿ, ಮೇಲೆ ಕರಿದಾರ ಕಟ್ಟುತ್ತಿದ್ದಳು. ಆ ಬಟ್ಟೆಯನ್ನು ಯಾರೂ ಬಿಚ್ಚಬಾರದು. ಕಾಲಿಗೆ ನೀರು ಸೋಕಿದರೆ ಮಂತ್ರ ತೊಳೆದುಹೋಗುತ್ತದೆ, ಕೂಸು ಅಳು ನಿಲ್ಲಿಸುವ ತನಕ ಕಾದು ಆಮೇಲೆ ತಾನೇ ಬಿಚ್ಚಬೇಕು. ಮಾಸ್ತರು ಇದನ್ನೇನೂ ಹೇಳಿರಲಿಲ್ಲ. ಇದೆಲ್ಲ ನಮ್ಮತ್ತೆಯ ಸ್ವಂತ ಶಾಸ್ತ್ರ.

ಹೇಳಿದರೆ ನಗುತ್ತೀರಿ, ಕೆಲವು ಕೂಸುಗಳು ಸುಮ್ಮನಾದವು. ಆ ಕೊನೆಯ ಊದುವಿಕೆಗೆ ಹೆದರಿದವೋ, ಕಾಲು ಬೆಚ್ಚಗಾಗಿ ನಿದ್ದೆ ಬಂತೋ, ಅಳುವ ಕೂಸು ಎಂದಾದರೂ ಸುಮ್ಮನಾಗಲೇಬೇಕಲ್ಲ, ಅದೋ. ಅಜ್ಜಿ ಮಂತ್ರ ಎಂದು ಹೆಸರಾಯಿತು. ಒಮ್ಮೆ ದೂರದ ತಿಳವಳ್ಳಿಯಿಂದಲೂ ಚಕ್ಕಡಿ ಬಂತು. ಅವಳು ಹೊರಟ ಠೀವಿಯೇ ಬೇರೆ, ನಮ್ಮ ಕೇರಿಯನ್ನೆಲ್ಲ ಒಂದು ಸುತ್ತು ಹಾಕಿಸಿಕೊಂಡೇ ಹೋದಳು.

ಆದರೂ ಕಿಚ್ಚು ಆರಲಿಲ್ಲ. ಈ ಸುದ್ದಿ ಮುಟ್ಟಿದಾಗ ಬಿಬಿಜಾನ ಏನೆಂದಳೆಂದು ಸವಣೂರಿನಿಂದ ಬಂದವರನ್ನೆಲ್ಲ ಹಿಡಿದು ಕೇಳುತ್ತಿದ್ದಳು. “ಒಳ್ಳೇದಾತು, ಕೂಸುಗಳು ನಕ್ಕೋಂತ ಇರ್ಲಿ” ಎಂದಳಂತೆ ಅವಳು. ಅಷ್ಟೇನಾ ಎಂದು ಗುತ್ತೆವ್ವ ಮತ್ತೆ ಮತ್ತೆ ಕೇಳಿದಳು. ಅಷ್ಟೇ. ತನ್ನನ್ನು ನೋಡಿ ಬಿಬಿಜಾನ ಉರಿಯದಿದ್ದ ಮೇಲೆ ಗೆದ್ದು ಏನು ಬಂತು? ಅವತ್ತು ರಾತ್ರಿ ಊಟ ಮಾಡಲಿಲ್ಲ.

ನಲವತ್ತಮೂರರ ಚಳಿಗಾಲದಲ್ಲಿ ನನ್ನ ಚೊಚ್ಚಲ ಮಗ ಹುಟ್ಟಿದ. ನನಗೆ ತಾಯಿ ಇರಲಿಲ್ಲ, ತವರಿಗೆ ಹೋಗುವಂತಿರಲಿಲ್ಲ, ದುಂಡಸಿಯಲ್ಲೇ ಬಾಣಂತನ. ಗುತ್ತೆವ್ವನನ್ನು ಎಷ್ಟು ಬೈದರೂ ಇದನ್ನು ಹೇಳಲೇಬೇಕು, ಹೆತ್ತ ತಾಯಿ ಅಷ್ಟು ಮಾಡುತ್ತಿರಲಿಲ್ಲ. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಹೊಟ್ಟೆಗೆ ಬಟ್ಟೆ ಬಿಗಿದು, ಅಳ್ಳಿಟ್ಟು ತಿನ್ನಿಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಮಗನೂ ಚೆನ್ನಾಗಿಯೇ ಇದ್ದ. ಆಮೇಲೆ ಒಂದು ಬೆಳಿಗ್ಗೆ, ಸ್ನಾನ ಮಾಡಿಸಿ ನನ್ನ ಮಗ್ಗುಲಲ್ಲಿ ಮಲಗಿಸಿ ಸ್ವಲ್ಪ ಹೊತ್ತಾದ ಮೇಲೆ, ಚಿಟ್ಟನೆ ಚೀರಿದ. ಹಾಲು ಕೊಟ್ಟರೆ ಬಾಯಿ ಹಾಕಿ ಬಿಟ್ಟು ಮತ್ತೆ ಚೀರಿದ.

ಗುತ್ತೆವ್ವ ಕೂಡಲೇ ಕಾಲಿಗೆ ಬಟ್ಟೆ ಸುತ್ತಿ, ಗುರುಗಳನ್ನೆಲ್ಲ ನೆನೆದು, ಊದಿ, ಕರಿದಾರ ಕಟ್ಟಿದಳು. ಕೂಸು ಅಳುತ್ತಲೇ ಇತ್ತು. ಮರುದಿನವೂ ಅಳುತ್ತಿತ್ತು. ದನಿ ಒಡೆದು ಹೋಯಿತು. ಒದ್ದೆ ಅರಿವೆ ಬದಲಿಸಿದೆವು, ಹೊಟ್ಟೆಗೆ ಎಣ್ಣೆ ಹಚ್ಚಿದೆವು, ಕಾಲಿನ ಬಟ್ಟೆಯನ್ನು ಮಾತ್ರ ಅವಳು ಮುಟ್ಟಗೊಡಲಿಲ್ಲ. ಕೇರಿಯ ಹೆಂಗಸರು ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರ ಕೂಸುಗಳಿಗೆ ಅಜ್ಜಿ ಮಂತ್ರ ಹಾಕುವವಳ ಮನೆಯಲ್ಲೇ ಹೀಗೆ ಎಂದು ಅವರು ಆಡಿಕೊಳ್ಳತೊಡಗಿದ್ದು ಅವಳ ಕಿವಿಗೂ ಬಿದ್ದಿತ್ತು.

“ಅತ್ತಿ, ಬಿಬಿಜಾನ್ನ ಕರಸ್ರಿ” ಎಂದೆ.

“ಆಕಿ ಈ ಹೊಸ್ತಿಲ ದಾಟಿದ್ರ ನಾ ಈ ಮನ್ಯಾಗ ಇರೂದಿಲ್ಲ.”

“ಎಲ್ಲರೆ ಹೋಗ್ರಿ. ನನ್ನ ಕೂಸು ಸಾಯಾಕತ್ತೇತಿ.”

“ನನ್ನ ಮೊಮ್ಮಗ ಅದು. ನನಗ ಗೊತ್ತಿಲ್ಲೇನು? ಮಂತ್ರ ಹಿಡಿಯಾಕ ಹೊತ್ತ ಬೇಕು.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂದಿದ್ದು ಅವತ್ತು. ನೀಲಪ್ಪನನ್ನು ಕರೆದು, ಅವನ ತಾಯಿಗೆ ಕೇಳುವಂತೆಯೇ, ಗೌಡರ ಚಕ್ಕಡಿ ಹೂಡಿಕೊಂಡು ಸವಣೂರಿಗೆ ಹೋಗು ಎಂದೆ. ಆ ಗಂಡಸು ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಪುಣ್ಯಕ್ಕೆ ಎದ್ದು ಹೋದ. ಗುತ್ತೆವ್ವ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳು. ನಾನು ಒಳಗೆ ಕೂಸನ್ನು ಹಿಡಿದುಕೊಂಡು ನನ್ನ ಬಾಯಿಗೆ ಬಂದ ದೇವರನ್ನೆಲ್ಲ ಕೂಗಿದೆ.

ಇಳಿಹೊತ್ತಿಗೆ ಚಕ್ಕಡಿ ಬಂತು. ಕೇರಿಯೇ ನೆರೆಯಿತು. ಬಿಬಿಜಾನ ಇಳಿದು, ಕಟ್ಟೆಯ ಮೇಲಿದ್ದವಳಿಗೆ, “ಚಲೋ ಅದೀಯೇನ ಗುತ್ತೆವ್ವಕ್ಕ?” ಎಂದಳು. ಗುತ್ತೆವ್ವ ಬೇರೆ ಕಡೆ ನೋಡಿದಳು. ಬಿಬಿಜಾನ ಒಳಗೆ ಬಂದು ಕೂಸನ್ನು ಎತ್ತಿಕೊಂಡಳು. ಗುತ್ತೆವ್ವನೂ ಹಿಂದೆಯೇ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಿಲ್ಲದೆ ಇರಲಾರಳು, ಅವಳಿಗೆ ನೋಡಲೇಬೇಕಿತ್ತು.

“ಶ್ಟಿಲ್ಲ... ಶ್ಟಿಲ್ಲ...”

ಕೂಸು ಚೀರಿತು. ಬಿಬಿಜಾನ ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು, ಕಿವಿಗೆ ಬಾಯಿ ಹಚ್ಚಿ ಮತ್ತೆ ಹೇಳಿದಳು, ಓಡಾಡುತ್ತ ಹೇಳಿದಳು. ಕೂಸಿನ ಚೀರಾಟ ಹೆಚ್ಚೇ ಆಯಿತು. ಬಾಗಿಲಲ್ಲಿದ್ದ ಹೆಂಗಸರು ಗುಸುಗುಸು ಎಂದರು. ಬಿಬಿಜಾನಳ ಹಣೆಯಲ್ಲಿ ಬೆವರು ಬಂತು.

ಆಗ ಗುತ್ತೆವ್ವ ನಕ್ಕಳು. ಬಾಯಿ ಮುಚ್ಚಿಕೊಂಡು ನಕ್ಕದ್ದಲ್ಲ, ಹಲ್ಲು ಕಾಣುವಂತೆ ನಕ್ಕಳು. ಅವಳ ಸ್ವಂತ ಮೊಮ್ಮಗ ದನಿಯಿಲ್ಲದೆ ಅಳುತ್ತಿದ್ದ, ಅವಳ ಮುಖದಲ್ಲಿ ಹಬ್ಬ.

ನಾನು ಬಿಬಿಜಾನಳ ಕೈಯಿಂದ ಕೂಸನ್ನು ಕಸಿದುಕೊಂಡು ನೆಲಕ್ಕೆ ಕೂತೆ. “ಬೆಂಕಿ ಬೀಳ್ಲಿ ನಿಮ್ಮ ಅಜ್ಜಿಗೂ ಮೊಮ್ಮಗಳಿಗೂ” ಎಂದೆ. ಹಲ್ಲಿನಿಂದ ಕಚ್ಚಿ ಕರಿದಾರ ಹರಿದೆ. ಗುತ್ತೆವ್ವ “ಬಿಚ್ಚಬ್ಯಾಡ” ಎಂದು ಮುಂದೆ ಬಂದಳು. ನಾನು ಬಟ್ಟೆಯನ್ನು ಎಳೆದು ಎಸೆದೆ.

ಬಲಗಾಲಿನ ಕಿರುಬೆರಳು ಬಾತು ತೊಂಡೆಹಣ್ಣಿನಂತೆ ಆಗಿತ್ತು. ತುದಿ ನೀಲಿಗಟ್ಟಿತ್ತು.

ಗುತ್ತೆವ್ವನ ನಗು ಎಲ್ಲಿ ಹೋಯಿತೋ. ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು, ಬೆಳಕಿನ ಕಡೆ ತಿರುಗಿ, ಬೆರಳಿನ ಬುಡವನ್ನು ಉಗುರಿನಿಂದ ಬಿಡಿಸಿ ನೋಡಿದಳು. “ಕೂದಲ” ಎಂದಳು. “ಸುತಗೊಂಡೇತಿ. ಜಾಲಿಮುಳ್ಳ ತಾ, ಸಣ್ಣದು.” ಬಾಣಂತಿಯರಿಗೆ ಕೂದಲು ಉದುರುತ್ತದೆ. ನನ್ನ ತಲೆಯ ಒಂದು ಎಳೆ ನನ್ನ ಮಗನ ಬೆರಳಿಗೆ ಸುತ್ತಿಕೊಂಡು ಬಿಗಿದಿತ್ತು, ಮೇಲೆ ನಾವು ಅದನ್ನು ಬಟ್ಟೆಯಲ್ಲಿ ಕಟ್ಟಿ ಕಾಪಾಡಿದ್ದೆವು. ಅವಳು ಮುಳ್ಳಿನ ಮೊನೆಯನ್ನು ಬಾತ ತೊಗಲಿನ ಒಳಗೆ ತೂರಿಸಿ, ಎಳೆಯನ್ನು ಮೀಟಿ ಎತ್ತಿ, ಕಡಿದಳು. ಹರಳೆಣ್ಣೆ ಸವರಿ ಬೆರಳನ್ನು ಮೆಲ್ಲಗೆ ನೀವುತ್ತ ಕೂತಳು. ಸ್ವಲ್ಪ ಹೊತ್ತಿಗೆ ನೀಲಿ ಹೋಗಿ ಕೆಂಪು ಬಂತು. ಕೂಸು ಬಿಕ್ಕುತ್ತ ಬಿಕ್ಕುತ್ತ ಅವಳ ಮಡಿಲಲ್ಲೇ ನಿದ್ದೆ ಹೋಯಿತು.

ಬೇರೆ ಯಾರ ಮನೆಯಲ್ಲಾದರೂ ಅವಳು ಮೊದಲು ನೋಡುತ್ತಿದ್ದದ್ದು ಬೆರಳುಗಳನ್ನೇ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅವಳನ್ನೇ ದಿಟ್ಟಿಸುತ್ತಿದ್ದೆ. ಅವಳು ನನ್ನ ಕಣ್ಣು ತಪ್ಪಿಸಿದಳು. ತಪ್ಪಿಸಿ ಎಲ್ಲಿಗೆ ಹೋಗಬೇಕು? ಬಿಬಿಜಾನಳ ಮೇಲೆ ಹೋದಳು.

“ಏನವ್ವ, ಎಲ್ಲಿ ಹೋತು ನಿನ್ನ ಮಾತು?” ಎಂದಳು. “ಊರೂರು ತಿರುಗಿ ನನ್ನ ಹೊಟ್ಟಿಮ್ಯಾಲ ಹೊಡದಿ. ಇಲ್ಲಿ ಯಾಕ ನಡೀಲಿಲ್ಲ ಅದು?”

ಬಿಬಿಜಾನ ಮೂಲೆಯಲ್ಲಿ ಕೂತಿದ್ದಳು. ಕೂಸನ್ನು ಕಸಿದುಕೊಂಡ ಮೇಲೆ ಅವಳ ಕೈಗಳು ಖಾಲಿಯಾಗಿ ತೊಡೆಯ ಮೇಲಿದ್ದವು.

“ನಾ ಯಾವತ್ತೂ ಅದನ್ನ ಮಂತ್ರ ಅಂದಿಲ್ಲಕ್ಕ” ಎಂದಳು. “ಕರದ್ರ ಹೋಗೇನಿ. ಯಾಕ ಹೋಗೇನಿ ಗೊತ್ತೈತೇನು? ಒಂದು ಕೂಸು ಕೈಯಾಗ ಸಿಗ್ತೇತಿ ಅಂತ. ಹೆಲ್ಗಾ ಹುಟ್ಟಿದಾಗಿಂದ ನನ್ನ ಮಗ್ಗಲದಾಗ ಮಲಗ್ತಿತ್ತು. ಪೊಲೀಸರು ಬಂದಾಗ ನನ್ನ ಸೆರಗ ಹಿಡಕೊಂಡಿತ್ತು, ಅದರ ತಾಯಿ ಬೆರಳ ಬಿಡಿಸಿದ್ಲು. ಬೆರಳ ಬಿಡಿಸ್ಕೋಂತ ಶ್ಟಿಲ್ಲ ಶ್ಟಿಲ್ಲ ಅಂದ್ಲು. ಆ ತಾಯಿ ಮ್ಯಾಲ ನನಗ ಎಷ್ಟ ಹೊಟ್ಟಿಕಿಚ್ಚು ಆತು ಅಂದ್ರ, ಅಲ್ಲಾ ನನ್ನ ಮಾಫ್ ಮಾಡ್ಲಿ, ಆಕಿ ಸಾಯ್ಲಿ ಅಂದೇನಿ ನಾ. ನಿನಗ ಮಗ ಅದಾನ, ಸೊಸಿ ಅದಾಳ, ಮಡಿಲಾಗ ಮೊಮ್ಮಗ ಅದಾನ. ನನ್ನ ಹೆಲ್ಗಾ ಈಗ ಎಲ್ಲಿ ಐತೋ ಗೊತ್ತಿಲ್ಲ, ನನಗ ಒಂದ ಮಾತು ಉಳದೇತಿ. ಅದೂ ಬೇಕೇನ ನಿನಗ?”

ನಮ್ಮತ್ತೆ ತೊಡೆಯ ಮೇಲಿದ್ದ ಕೂಸನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಅದನ್ನು ಎತ್ತಿ, ಮಂಡಿಯ ಮೇಲೆ ಸರಿದು ಹೋಗಿ, ಬಿಬಿಜಾನಳ ಮಡಿಲಿಗೆ ಹಾಕಿದಳು.

“ಹೇಳು” ಎಂದಳು.

“ಮಲಗೇತಲ್ಲಕ್ಕ.”

“ಮಲಗ್ಲಿ. ನೀ ಹೇಳು.”

ಬಿಬಿಜಾನ ಬಾಗಿದಳು. “ಶ್ಟಿಲ್ಲ” ಎಂದಳು. ಮೆಲ್ಲಗೆ, ಮತ್ತೆ ಮತ್ತೆ ಎಂದಳು, ನನ್ನ ಮಗನ ಮುಖ ನೋಡಿ ಅಲ್ಲ, ಕಣ್ಣು ಮುಚ್ಚಿಕೊಂಡು. ಅವಳ ಕಣ್ಣೀರು ನನ್ನ ಮಗನ ಕುಂಚಿಗೆಯ ಮೇಲೆ ಬೀಳುತ್ತಿತ್ತು. ನಾನು ಹೆತ್ತವಳು, ಗೋಡೆಗೆ ಒರಗಿ ಕೂತಿದ್ದೆ. ಎದೆಯಲ್ಲಿ ಹಾಲು ಬಿಗಿದು ನೋಯುತ್ತಿತ್ತು. ಅಷ್ಟು ಹೊತ್ತಿನ ಮೇಲೆ ಉಳಿದ ನನ್ನ ಕೂಸನ್ನು ಒಬ್ಬಳಾದ ಮೇಲೆ ಒಬ್ಬಳು ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದರು, ನನಗೆ ಕೊಡಬೇಕೆಂದು ಒಬ್ಬರಿಗೂ ತೋಚಲಿಲ್ಲ. ಹೊಟ್ಟೆಯೊಳಗೆ ಉರಿ ಎದ್ದಿತು. ಸುಳ್ಳು ಯಾಕೆ ಹೇಳಲಿ, ಆ ಬಡಪಾಯಿಯ ಕೈ ಮುರಿದು ಕೂಸನ್ನು ಎಳೆದುಕೊಳ್ಳಬೇಕು ಎನಿಸಿತು.

“ಅತ್ತಿ, ನನ್ನ ಕೂಸು ನನಗ ಕೊಡಸ್ರಿ” ಎಂದೆ.

ಗುತ್ತೆವ್ವ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಕೈಯನ್ನಷ್ಟೇ ಹಿಂದೆ ಚಾಚಿ ನನ್ನ ಮೊಣಕಾಲು ಅದುಮಿ ಹಿಡಿದಳು.

“ತಡಿಯವ್ವ” ಎಂದಳು. “ನಿನ್ನ ಕೂಸು ಎಲ್ಲಿ ಐತಿ ಅಂತ ನಿನಗ ಗೊತ್ತೈತಿ.”